ಮುಕ್ಕಾದ ಚರ್ಚು, ಮೇಕೆ ಕೂದಲಿನ ಡೇರೆ

ಲಂಡನ್ನಿಗೆ ಬರುವ ನಮ್ಮ ಜನ ನೋಡುವ ಚರ್ಚುಗಳು ಸಾಮಾನ್ಯವಾಗಿ ಎರಡೇ. ಒಂದು ವೆಸ್ಟ್‌ಮಿನ್‌ಸ್ಟರ್ ಅಬೆ, ರಾಜರಿಗೆ ಪಟ್ಟ ಕಟ್ಟುವ ಜಾಗ. ಇನ್ನೊಂದು ಸೇಂಟ್ ಪಾಲ್ಸ್, ಡಯಾನಾ ಮದುವೆ ಆಗಿದ್ದು ಅಲ್ಲಿ. ಎರಡಕ್ಕೂ ಟಿಕೆಟ್ ಇದೆ, ಕ್ಯೂ ಇದೆ, ಕಿವಿಗೆ ಸಿಕ್ಕಿಸಿಕೊಳ್ಳುವ ಆಡಿಯೋ ಗೈಡ್ ಇದೆ. ನೋಡಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಈ ಬರಹ ಮೂರನೆಯದೊಂದು ಚರ್ಚಿನ ಬಗ್ಗೆ. ಅದರ ಮುಂದೆ ಕ್ಯೂ ಇಲ್ಲ. ದಿನಾ ಸಾವಿರಾರು ಜನ ಅದರ ಮುಂದೆ ಕಾಫಿ ಲೋಟ ಹಿಡಿದು ಓಡುತ್ತಾರೆ, ತಲೆ ಎತ್ತಿ ನೋಡುವವರು ಕಡಿಮೆ. ಹೆಸರು ಸೇಂಟ್ ಎಥೆಲ್‌ಬರ್ಗಾ. ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ ಹತ್ತಿರ, ಬಿಷಪ್ಸ್‌ಗೇಟ್ ಅನ್ನೋ ರಸ್ತೆಯಲ್ಲಿ, ಗಾಜಿನ ಗಗನಚುಂಬಿಗಳ ನಡುವೆ ಯಾರೋ ಮರೆತು ಬಿಟ್ಟುಹೋದ ಆಟಿಕೆಯ ಹಾಗೆ ನಿಂತಿದೆ.

ನಾನು ಒಂದಷ್ಟು ವರ್ಷ ಅದೇ ರಸ್ತೆಯಲ್ಲಿ ಸಾಫ್ಟ್‌ವೇರ್ ಕೂಲಿ ಮಾಡಿದವನು. ಕ್ರಿಶ್ಚಿಯನ್ ಅಲ್ಲ, ಇತಿಹಾಸ ಓದಿದವನೂ ಅಲ್ಲ. ಆದರೆ ಈ ಚರ್ಚಿನ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ಅದನ್ನು ಹೇಳುವ ಮೊದಲು ಸ್ವಲ್ಪ ಕತೆ ಹೇಳಲೇಬೇಕು, ಸಹಿಸಿಕೊಳ್ಳಿ.

ಎಥೆಲ್‌ಬರ್ಗಾ ಏಳನೇ ಶತಮಾನದ ಸನ್ಯಾಸಿನಿ. ಅವಳ ಅಣ್ಣ ಎರ್ಕನ್‌ವಾಲ್ಡ್ ಲಂಡನ್ನಿನ ಪೂರ್ವಕ್ಕಿರುವ ಬಾರ್ಕಿಂಗ್‌ನಲ್ಲಿ ಒಂದು ಮಠ ಕಟ್ಟಿಸಿ ತಂಗಿಯನ್ನು ಅದರ ಮುಖ್ಯಸ್ಥೆ ಮಾಡಿದ. ಮುಂದೆ ತಾನೇ ಲಂಡನ್ನಿನ ಬಿಷಪ್ ಆದ. ಅವಳ ಹೆಸರಿನ ಈ ಚರ್ಚು ದಾಖಲೆಯಲ್ಲಿ ಮೊದಲು ಕಾಣುವುದು 1250ರಲ್ಲಿ. ಈಗಿರುವ ರೂಪ ಬಂದದ್ದು ಹದಿನೈದನೇ ಶತಮಾನದಲ್ಲಿ, ಸುಮಾರು 1411ರಲ್ಲಿ ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ವಿಜಯನಗರದ ಕಾಲ. ಹಂಪಿಯ ವಿಠ್ಠಲ ದೇವಸ್ಥಾನದಷ್ಟು ದೊಡ್ಡದಿರಬಹುದು ಅಂದುಕೊಳ್ಳಬೇಡಿ. ಇದು ಸಿಟಿಯ ಅತಿ ಚಿಕ್ಕ ಚರ್ಚು ಅಂತಲೇ ಹೆಸರಾಗಿತ್ತು. ನಮ್ಮ ಹಳ್ಳಿಯ ಸಮುದಾಯ ಭವನ ಇದಕ್ಕಿಂತ ದೊಡ್ಡದಿರುತ್ತೆ.

ಸಿಟಿ ಅಂದೆನಲ್ಲ, ಇಡೀ ಲಂಡನ್ ಅಲ್ಲ. ಹಳೇ ಕೋಟೆಗೋಡೆಯ ಆಸುಪಾಸಿನ ಒಂದು ಚದರ ಮೈಲಿಯಷ್ಟು ಜಾಗಕ್ಕೆ 'ಸಿಟಿ' ಅಂತ ಹೆಸರು. ಬ್ಯಾಂಕು, ಇನ್ಶೂರೆನ್ಸು, ಷೇರುಪೇಟೆಗಳೆಲ್ಲ ಅಲ್ಲೇ. ಒಂದು ಕಾಲಕ್ಕೆ ಅಲ್ಲಿ ಹೆಜ್ಜೆಗೊಂದು ಚರ್ಚು. 1666ರ ಮಹಾ ಬೆಂಕಿಯಲ್ಲಿ 87 ಚರ್ಚುಗಳು ಸುಟ್ಟುಹೋದವು. ಅದರಲ್ಲಿ 51ನ್ನು ಕ್ರಿಸ್ಟಫರ್ ರೆನ್ ಮತ್ತೆ ಕಟ್ಟಿಸಿದ. ಬೆಂಕಿ ಎಥೆಲ್‌ಬರ್ಗಾ ತನಕ ಬರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಸುರಿಸಿದ ಬಾಂಬುಗಳಲ್ಲೂ ಅಲ್ಪಸ್ವಲ್ಪ ಪೆಟ್ಟು ತಿಂದು ಬದುಕಿತು. ಹಾಗಾಗಿ ಸಿಟಿಯಲ್ಲಿ ನಿಜವಾಗಿ ಮಧ್ಯಯುಗದ್ದು ಅನ್ನಬಹುದಾದ ಬೆರಳೆಣಿಕೆಯ ಚರ್ಚುಗಳಲ್ಲಿ ಇದೂ ಒಂದಾಯಿತು.

ನನಗೆ ಈ ಚರ್ಚಿನ ಬಗ್ಗೆ ಮೊದಲು ಇಷ್ಟವಾದ ವಿಷಯ ಏನು ಗೊತ್ತಾ? ಅಂಗಡಿಗಳು! ಹದಿನಾರನೇ ಶತಮಾನದಲ್ಲಿ ಚರ್ಚಿನವರು ಖರ್ಚು ತೂಗಿಸಲಾರದೆ, ಬಾಗಿಲ ಎರಡೂ ಬದಿಗೆ ಅಂಗಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಸುಮಾರು ಮುನ್ನೂರೈವತ್ತು ವರ್ಷ ಚರ್ಚು ಅಂಗಡಿಗಳ ಹಿಂದೆ ಅಡಗಿತ್ತು. ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತಿದ್ದದ್ದು ಅಂಗಡಿಗಳು, ಮಧ್ಯೆ ಒಂದು ಸಣ್ಣ ಬಾಗಿಲು, ಮೇಲೆ ಗಂಟೆಯ ಗೋಪುರದ ತುದಿ. 1930ರ ದಶಕದಲ್ಲಿ ರಸ್ತೆ ಅಗಲ ಮಾಡುವಾಗ ಅಂಗಡಿಗಳನ್ನು ಕೆಡವಿದರು. ನಮ್ಮ ದೇವಸ್ಥಾನದ ಬೀದಿಯಲ್ಲಿ ಹೂವು, ಹಣ್ಣುಕಾಯಿ ಅಂಗಡಿ ನೋಡಿ ಮೂಗು ಮುರಿಯುವವರಿಗೆ ಈ ಕತೆ ಹೇಳಬೇಕು ಅನ್ನಿಸುತ್ತೆ. ದೇವರಿಗೂ ಬಾಡಿಗೆ ಆದಾಯ ಬೇಕಾಗಿತ್ತು!

ಈ ಪುಟ್ಟ ಕಟ್ಟಡದೊಳಗೆ ಆಗಿಹೋದದ್ದು ಮಾತ್ರ ಪುಟ್ಟದಲ್ಲ. ಇಲ್ಲಿ ಪಾದ್ರಿಯಾಗಿದ್ದ ಜಾನ್ ಲಾರ್ಕ್, ಸರ್ ಥಾಮಸ್ ಮೋರನ ಸ್ನೇಹಿತ. ಎಂಟನೇ ಹೆನ್ರಿ 'ಇನ್ನು ಮೇಲೆ ಚರ್ಚಿಗೆ ನಾನೇ ಯಜಮಾನ, ಪೋಪ್ ಅಲ್ಲ' ಅಂದಾಗ ಒಪ್ಪದೆ ಉಳಿದ. 1544ರಲ್ಲಿ ಅವನನ್ನು ಟೈಬರ್ನ್‌ನಲ್ಲಿ ಕೊಂದರು. ಮುಂದೆ, 1607ರ ಏಪ್ರಿಲ್ 19ರಂದು, ನಾವಿಕ ಹೆನ್ರಿ ಹಡ್ಸನ್ ತನ್ನ ಕೆಲವೇ ಮಂದಿ ಸಂಗಡಿಗರ ಜತೆ ಇಲ್ಲಿ ಬಂದು ಪ್ರಸಾದ ತೆಗೆದುಕೊಂಡ. ನಾಲ್ಕು ದಿನ ಬಿಟ್ಟು ಹೊರಡುವವನಿದ್ದ, ಉತ್ತರ ಧ್ರುವದ ಮೇಲಿಂದ ಜಪಾನ್, ಚೀನಾಗಳಿಗೆ ದಾರಿ ಹುಡುಕಲಿಕ್ಕೆ. ಪೂರ್ವ ದೇಶಗಳ ವ್ಯಾಪಾರಕ್ಕೆ ಪೋರ್ಚುಗೀಸರು ಹಿಡಿದಿದ್ದ ದಾರಿ ಬಿಟ್ಟು ಬೇರೆ ದಾರಿ ಸಿಕ್ಕೀತೇ ಅನ್ನುವುದು ಆಗಿನ ಇಂಗ್ಲೆಂಡಿನ ವ್ಯಾಪಾರಿಗಳ ಹಂಬಲ. (ಆ ಕಾಲದಲ್ಲೇ ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಅನ್ನುತ್ತಿದ್ದರು ಅನ್ನುವುದು ನೆನಪಿರಲಿ.) ಹಡ್ಸನ್ ಜತೆ ಅವನ ಮಗ ಜಾನ್ ಕೂಡ ಇದ್ದ, ಇನ್ನೂ ಹುಡುಗ. ನಾಲ್ಕು ವರ್ಷದ ಮೇಲೆ, 1611ರಲ್ಲಿ, ಇನ್ನೊಂದು ಯಾನದಲ್ಲಿ ಸಿಬ್ಬಂದಿ ದಂಗೆಯೆದ್ದು ಅಪ್ಪ ಮಗನನ್ನೂ ಇನ್ನು ಏಳು ಜನರನ್ನೂ ಒಂದು ಸಣ್ಣ ದೋಣಿಗಿಳಿಸಿ ಕೆನಡಾದ ಹಿಮದ ಕೊಲ್ಲಿಯಲ್ಲಿ ಬಿಟ್ಟುಹೋದರು. ಆ ಕೊಲ್ಲಿಗೆ ಈಗ ಹಡ್ಸನ್ ಹೆಸರು. ಅವರೇನಾದರು ಅಂತ ಇವತ್ತಿಗೂ ಗೊತ್ತಿಲ್ಲ.

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಇಲ್ಲಿದ್ದ ಪಾದ್ರಿ ಗೀಕೀ-ಕಾಬ್, ವಿಚ್ಛೇದನ ಆದವರಿಗೆ ಚರ್ಚಿನೊಳಗೇ ಮರುಮದುವೆ ಮಾಡಿಸುತ್ತಿದ್ದರು. ಇಂಗ್ಲೆಂಡಿನ ಚರ್ಚು ಅದನ್ನು ಒಪ್ಪದಿದ್ದ ಕಾಲ ಅದು. ಬೇರೆ ಕಡೆ ಬಾಗಿಲು ಮುಚ್ಚಿಸಿಕೊಂಡವರು ಹುಡುಕಿಕೊಂಡು ಇಲ್ಲಿಗೆ ಬರುತ್ತಿದ್ದರು. ಈ ವಿಷಯವನ್ನು ಬೇಕಂತಲೇ ಹೇಳುತ್ತಿದ್ದೇನೆ, ಮುಂದೆ ಉಪಯೋಗಕ್ಕೆ ಬರುತ್ತೆ.

ಇನ್ನು ಮುಖ್ಯ ತೊಂದರೆಗೆ ಬರೋಣ. ಸಿಟಿಯಲ್ಲಿ ಚರ್ಚುಗಳಿವೆ, ಜನ ಇಲ್ಲ. 2021ರ ಜನಗಣತಿಯ ಪ್ರಕಾರ ಆ ಒಂದು ಚದರ ಮೈಲಿಯಲ್ಲಿ ಮನೆ ಮಾಡಿಕೊಂಡಿರುವವರು ಸುಮಾರು 8,600. ಹಗಲು ಕೆಲಸಕ್ಕೆ ಬಂದು ಹೋಗುವವರು ಆರು ಲಕ್ಷಕ್ಕೂ ಮೇಲೆ. ಭಾನುವಾರ ಹೋದರೆ ಕಾಗೆ ಕೂಗುವುದೂ ಕೇಳುತ್ತೆ! ಇದೇನು ಹೊಸ ಸಮಸ್ಯೆ ಅಲ್ಲ. 1860ರಲ್ಲೇ ಒಂದು ಕಾಯಿದೆ ಮಾಡಿ, ಭಕ್ತರಿಲ್ಲದ ಸಿಟಿ ಚರ್ಚುಗಳನ್ನು ಒಂದರೊಳಗೊಂದು ಸೇರಿಸಿ, ಕೆಡವಿ, ಜಾಗ ಮಾರಿ, ಆ ದುಡ್ಡಲ್ಲಿ ಹೊಸ ಬಡಾವಣೆಗಳಲ್ಲಿ ಚರ್ಚು ಕಟ್ಟಲು ದಾರಿ ಮಾಡಿದರು. ರೆನ್ ಕಟ್ಟಿಸಿದ ಎಷ್ಟೋ ಚರ್ಚುಗಳು ಹಾಗೇ ಹೋದವು. ಬೆಂಕಿ ಸುಟ್ಟಮೇಲೆ ಕಟ್ಟಿದ್ದನ್ನು ಲೆಕ್ಕದ ಪುಸ್ತಕ ಕೆಡವಿತು.

ಯುದ್ಧ ಮುಗಿದ ಮೇಲೆ, 1952ರಲ್ಲಿ, ಇನ್ನೊಂದು ಕಾಯಿದೆ ಬಂತು. ನನ್ನ ಪ್ರಕಾರ ಇದು ಜಾಣತನದ್ದು. ಕೆಲವು ಚರ್ಚುಗಳನ್ನು 'ಗಿಲ್ಡ್ ಚರ್ಚು' ಅಂತ ಮಾಡಿದರು. ಅಂದ್ರೆ, ಅದಕ್ಕೆ ಸೇರಿದ ಬೀದಿ, ಮನೆ, ಒಕ್ಕಲು ಅಂತ ಯಾವುದೂ ಇಲ್ಲ. ಭಾನುವಾರದ ಹಂಗಿಲ್ಲ. ವಾರದ ದಿನಗಳಲ್ಲಿ ಕೆಲಸಕ್ಕೆ ಬರುವವರಿಗಾಗಿ ಬಾಗಿಲು ತೆರೆದಿಡಬೇಕು, ಅಷ್ಟೇ. ಎಥೆಲ್‌ಬರ್ಗಾಕ್ಕೆ ಸಿಕ್ಕಿದ್ದು ಆ ಪಾತ್ರ. ಹೀಗೆ ಗುಮಾಸ್ತರು ಊಟದ ಬಿಡುವಿನಲ್ಲಿ ಬಂದು ಐದು ನಿಮಿಷ ಕೂತು ಹೋಗುವ ಜಾಗವಾಗಿ ಅದು ಇನ್ನು ನಲವತ್ತು ವರ್ಷ ತಳ್ಳಿತು.

1993ರ ಏಪ್ರಿಲ್ 24, ಶನಿವಾರ ಬೆಳಿಗ್ಗೆ. ಬಿಷಪ್ಸ್‌ಗೇಟಿನಲ್ಲಿ ಒಂದು ಟಿಪ್ಪರ್ ಲಾರಿ ನಿಂತಿತ್ತು. ಒಳಗೆ ರಸಗೊಬ್ಬರದಿಂದ ಮಾಡಿದ ಸುಮಾರು ಒಂದು ಟನ್ ಸ್ಫೋಟಕ. ಇಟ್ಟವರು ಐ.ಆರ್.ಎ., ಅಂದ್ರೆ ಉತ್ತರ ಐರ್ಲೆಂಡಿನಿಂದ ಬ್ರಿಟಿಷರನ್ನು ಓಡಿಸಬೇಕು ಅಂತ ಬಂದೂಕು ಹಿಡಿದಿದ್ದ ಐರಿಶ್ ರಿಪಬ್ಲಿಕನ್ ಆರ್ಮಿ. ಮೊದಲೇ ಫೋನ್ ಮಾಡಿ ಎಚ್ಚರಿಸಿದ್ದರು. ರಜೆ ದಿನವಾದ್ದರಿಂದ ಜನ ಕಡಿಮೆ. ಆದರೂ ಒಬ್ಬ ಪತ್ರಿಕಾ ಛಾಯಾಗ್ರಾಹಕ ಸತ್ತ, ನಲವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಲಾರಿಗೂ ಚರ್ಚಿಗೂ ಕೆಲವೇ ಮೀಟರ್ ಅಂತರ. ಆರುನೂರು ವರ್ಷದ ಕಟ್ಟಡದ ಬಹುಪಾಲು ಒಂದು ಕ್ಷಣದಲ್ಲಿ ಕಲ್ಲುರಾಶಿಯಾಯಿತು.

ಐ.ಆರ್.ಎ.ಗೆ ಚರ್ಚಿನ ಮೇಲೆ ದ್ವೇಷ ಇರಲಿಲ್ಲ. ಗುರಿ ಇದ್ದದ್ದು ಬ್ಯಾಂಕುಗಳ ಮೇಲೆ. ಸಿಟಿಗೆ ಹೊಡೆದರೆ ಬ್ರಿಟನ್ನಿಗೆ ನೋವಾಗುತ್ತೆ ಅಂತ. ಹಿಂದಿನ ವರ್ಷ, 1992ರ ಏಪ್ರಿಲ್ 10ರಂದು, ಹತ್ತಿರದಲ್ಲೇ ಬಾಲ್ಟಿಕ್ ಎಕ್ಸ್‌ಚೇಂಜ್ ಅನ್ನೋ ಹಡಗು ವ್ಯಾಪಾರದ ಕಟ್ಟಡದ ಮುಂದೆ ಇನ್ನೊಂದು ಬಾಂಬು ಸಿಡಿಸಿ ಮೂವರನ್ನು ಕೊಂದಿದ್ದರು.

ನನ್ನ ಅಭಿಪ್ರಾಯ ಶುರುವಾಗುವುದು ಇಲ್ಲಿಂದ. ಈ ಎರಡು ಬಾಂಬಿಗೆ ಸಿಟಿ ಏನು ಉತ್ತರ ಕೊಟ್ಟಿತು ನೋಡಿ.

ದುಡ್ಡಿನ ಉತ್ತರ ಮೊದಲು ಬಂತು. ಇನ್ಶೂರೆನ್ಸ್ ಕಂಪನಿಗಳು 'ಭಯೋತ್ಪಾದನೆಗೆ ನಾವು ವಿಮೆ ಕೊಡಲ್ಲ' ಅಂತ ಕೈ ಎತ್ತಿದವು. 1993ರಲ್ಲಿ ಸರ್ಕಾರದ ಬೆಂಬಲದೊಂದಿಗೆ 'ಪೂಲ್ ರೀ' ಅಂತ ಒಂದು ಮರುವಿಮೆ ವ್ಯವಸ್ಥೆ ಮಾಡಿದರು. ಇವತ್ತಿಗೂ ಇದೆ. ಪೊಲೀಸರ ಉತ್ತರ 'ರಿಂಗ್ ಆಫ್ ಸ್ಟೀಲ್', ಉಕ್ಕಿನ ಬಳೆ. ಸಿಟಿಯೊಳಗೆ ವಾಹನ ಬರುವ ದಾರಿಗಳನ್ನು ಕೆಲವಕ್ಕೆ ಇಳಿಸಿ, ಅಲ್ಲಿ ಪೊಲೀಸು, ಕ್ಯಾಮೆರಾ, ತಪಾಸಣೆ. ಶುರುವಿನಲ್ಲಿ ಅದು ಉಕ್ಕಿನದ್ದಲ್ಲ, ಪ್ಲಾಸ್ಟಿಕ್ ಕೋನುಗಳದ್ದು! ಇನ್ನು ರಿಯಲ್ ಎಸ್ಟೇಟಿನ ಉತ್ತರ. ಬಾಲ್ಟಿಕ್ ಎಕ್ಸ್‌ಚೇಂಜಿನ 1903ರ ಕಟ್ಟಡವನ್ನು ಮತ್ತೆ ಕಟ್ಟುತ್ತೇವೆ ಅಂದವರು ಕಟ್ಟಲಿಲ್ಲ. ಆ ಜಾಗದಲ್ಲಿ 2004ರಲ್ಲಿ ಸೌತೆಕಾಯಿ ಆಕಾರದ ಗಾಜಿನ ಗೋಪುರ ತೆರೆಯಿತು. ಎಲ್ಲರೂ ಪೋಸ್ಟ್‌ಕಾರ್ಡಿನಲ್ಲಿ ನೋಡಿರುವ 'ಗರ್ಕಿನ್' ಅದೇ. ಹಳೇ ಕಟ್ಟಡದ ಕಲ್ಲುಗಳನ್ನು ಎಸ್ಟೋನಿಯಾದವರು ಕೊಂಡು ಹಡಗಿನಲ್ಲಿ ಸಾಗಿಸಿದರು. ಬಾಂಬು ಬಿದ್ದ ಗುರುತು ಅಲ್ಲಿ ಏನೇನೂ ಉಳಿದಿಲ್ಲ.

ಇವು ಯಾವುವೂ ತಪ್ಪಲ್ಲ. ಊರು ನಡೆಯಬೇಕು, ಕೆಲಸಕ್ಕೆ ಬರುವವರ ಜೀವ ಉಳಿಯಬೇಕು. ಆದರೆ ಮೂರಕ್ಕೂ ಒಂದು ಸಾಮ್ಯ ಇದೆ: 'ಅವರು ಯಾಕೆ ಬಾಂಬು ಇಟ್ಟರು' ಅನ್ನೋ ಪ್ರಶ್ನೆ ಮೂರರಲ್ಲೂ ಇಲ್ಲ.

ಎಥೆಲ್‌ಬರ್ಗಾದ ವಿಷಯದಲ್ಲಿ ಮೊದಲು ಬಂದ ಸಲಹೆ, ಉಳಿದದ್ದನ್ನೂ ಕೆಡವಿಬಿಡೋಣ ಅಂತ. ತರ್ಕ ಸರಿಯಾಗೇ ಇತ್ತು. ಭಕ್ತರಿಲ್ಲ, ಕಟ್ಟಡವೂ ಇಲ್ಲ, ಜಾಗಕ್ಕೆ ಚಿನ್ನದ ಬೆಲೆ. ಮರುವರ್ಷ, 1994ರಲ್ಲಿ, ಲಾರ್ಡ್ ಟೆಂಪಲ್‌ಮನ್ ನೇತೃತ್ವದ ಆಯೋಗವೂ ಸಿಟಿಯ ಬಹುಪಾಲು ಚರ್ಚುಗಳಿಗೆ ಇನ್ನು ನಿತ್ಯದ ಆರಾಧನೆ ಬೇಡ ಅನ್ನೋ ಅರ್ಥದ ವರದಿ ಕೊಟ್ಟಿತು. ಜನ ಗಲಾಟೆ ಮಾಡಿದರು. 1995ರಲ್ಲಿ ಲಂಡನ್ನಿನ ಬಿಷಪ್ ಆಗಿ ಬಂದ ರಿಚರ್ಡ್ ಚಾರ್ಟರ್ಸ್ ಬೇರೆಯದೇ ಯೋಚನೆ ಮಾಡಿದರು. ಚರ್ಚನ್ನು ಮತ್ತೆ ಕಟ್ಟೋಣ, ಆದರೆ ಹಳೇ ಕೆಲಸಕ್ಕಲ್ಲ. ಧರ್ಮದ ಹೆಸರಿನ ಜಗಳದಲ್ಲಿ ಮುರಿದ ಜಾಗ ಇದು, ಅಂಥ ಜಗಳಗಳ ಬಗ್ಗೆ ಕೆಲಸ ಮಾಡುವ ಜಾಗವೇ ಆಗಲಿ ಅಂತ. ರೋಮನ್ ಕ್ಯಾಥೊಲಿಕ್ ಕಾರ್ಡಿನಲ್ ಬೇಸಿಲ್ ಹ್ಯೂಮ್ ಜತೆಗೂಡಿದರು. ಜಾನ್ ಲಾರ್ಕ್ ನೆನಪಿದ್ದಾನಲ್ಲ? ಪೋಪನ ಪರ ನಿಂತು ಪ್ರಾಣ ಕೊಟ್ಟ ಅದೇ ಚರ್ಚಿನ ಪಾದ್ರಿ. ನಾಲ್ಕೂವರೆ ಶತಮಾನದ ಮೇಲೆ ಎರಡೂ ಕಡೆಯವರು ಅವನ ಚರ್ಚಿನ ಕಲ್ಲು ಎತ್ತಿಡಲು ಒಟ್ಟಿಗೆ ಬಂದರು. 2002ರಲ್ಲಿ ಅದು 'ಸಂಧಾನ ಮತ್ತು ಶಾಂತಿ ಕೇಂದ್ರ'ವಾಗಿ ತೆರೆಯಿತು.

ಹೊರಗಿನಿಂದ ನೋಡಿದರೆ ಹಳೇ ಚರ್ಚೇ. ರಾಶಿಯಿಂದ ಹೆಕ್ಕಿದ ಕಲ್ಲುಗಳನ್ನೂ ಸೇರಿಸಿ ಮುಂಭಾಗವನ್ನು ಮೊದಲಿದ್ದಂತೆ ಕಟ್ಟಿದ್ದಾರೆ. ಒಳಗೆ ಸಾಲುಬೆಂಚುಗಳಿಲ್ಲ, ಬೇಕೆಂದ ಹಾಗೆ ಜೋಡಿಸಬಹುದಾದ ಕುರ್ಚಿಗಳು. ಪೂರ್ವದ ಕಿಟಕಿಯಲ್ಲಿ ಎಥೆಲ್‌ಬರ್ಗಾಳ ಚಿತ್ರ ಇದೆ. ಬಾಂಬಿಗೆ ಪುಡಿಯಾದ ಹಳೇ ಬಣ್ಣದ ಗಾಜಿನ ಚೂರುಗಳನ್ನು ಸೇರಿಸಿ ಮಾಡಿದ್ದು. ಹಿಂದೆ ಒಂದು ಪುಟ್ಟ ತೋಟ. ಅಲ್ಲಿ, 2006ರಿಂದ, ಒಂದು ಡೇರೆ! ಅರಬ್ ಮರುಭೂಮಿಯ ಬೆದೂಯಿನರ ಡೇರೆಯ ಮಾದರಿ, ಹದಿನಾರು ಮುಖದ್ದು, ಹೊದಿಕೆ ಮೇಕೆ ಕೂದಲಿನ ನೇಯ್ಗೆ. ಕಿಟಕಿಗಳಲ್ಲಿ 'ಶಾಂತಿ' ಅನ್ನೋ ಪದ ಬೇರೆ ಬೇರೆ ಭಾಷೆಯಲ್ಲಿ. ಅರಬ್ಬಿ, ಹೀಬ್ರೂ, ಅದರ ಜತೆ ನಮ್ಮ ಸಂಸ್ಕೃತವೂ. (ಹೋಮ ಮುಗಿಸಿ ಮೂರು ಸಲ ಶಾಂತಿ ಹೇಳಿ ನೇರ ಊಟದ ಎಲೆಗೆ ಓಡುವ ನಮಗೆ ಆ ಪದವನ್ನು ಇಷ್ಟು ಗಂಭೀರವಾಗಿ ಗಾಜಿನಲ್ಲಿ ನೋಡಿದರೆ ಸ್ವಲ್ಪ ಮುಜುಗರವೇ ಆಗುತ್ತೆ.)

ಡೇರೆ ಯಾಕೆ? ಚರ್ಚಿನೊಳಗೆ ಕೂತರೆ ಮುಸ್ಲಿಮರಿಗೆ, ಯಹೂದಿಗಳಿಗೆ ತಾವು ಇನ್ನೊಬ್ಬರ ಮನೆಯ ಅತಿಥಿಗಳು ಅನ್ನಿಸುತ್ತೆ. ಅತಿಥಿ ಮನಸ್ಸು ಬಿಚ್ಚಿ ಜಗಳ ಆಡಲಾರ. ಡೇರೆ ಯಾರ ದೇವಸ್ಥಾನವೂ ಅಲ್ಲ. ಅಬ್ರಹಾಮನನ್ನು ತಮ್ಮ ಮೂಲಪುರುಷ ಅನ್ನುವ ಮೂರೂ ಧರ್ಮದವರಿಗೆ ಅವನು ಡೇರೆಯಲ್ಲಿ ಬಾಳಿದವನು ಅನ್ನುವುದು ಗೊತ್ತು. ಹಾಗಾಗಿ ಅಲ್ಲಿ ಕೂತು ತಮ್ಮ ತಮ್ಮ ಗ್ರಂಥಗಳನ್ನು ಒಟ್ಟಿಗೆ ಓದಿದರು. ಒಪ್ಪಿಕೊಳ್ಳಲಿಕ್ಕಲ್ಲ, ಎಲ್ಲಿ ಒಪ್ಪಿಗೆ ಇಲ್ಲ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಲಿಕ್ಕೆ. ನನಗೆ ಈ ವಿಚಾರ ತುಂಬಾ ಹಿಡಿಸಿತು. ನಮ್ಮಲ್ಲಿ 'ಸರ್ವಧರ್ಮ ಸಮ್ಮೇಳನ' ಅಂದ್ರೆ ವೇದಿಕೆ ಮೇಲೆ ಒಬ್ಬ ಸ್ವಾಮೀಜಿ, ಒಬ್ಬ ಮೌಲ್ವಿ, ಒಬ್ಬ ಫಾದರ್, ನಾಲ್ಕು ಶಾಲು, ನಾಲ್ಕು ಹಾರ, 'ಎಲ್ಲಾ ಧರ್ಮಗಳೂ ಹೇಳುವುದು ಒಂದೇ' ಅನ್ನೋ ಭಾಷಣ. ಎಲ್ಲರೂ ಒಂದೇ ಹೇಳುವುದಾದರೆ ಜಗಳ ಯಾತಕ್ಕೆ ಅಂತ ಯಾರೂ ಕೇಳುವುದಿಲ್ಲ.

ಈ ಚರ್ಚಿನ ಬಗ್ಗೆ ನಾನು ಕೇಳಿರುವ ಆಕ್ಷೇಪಣೆಗಳಲ್ಲಿ ಒಂದನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. 'ಶಾಂತಿ ಕೇಂದ್ರ ಬೇಕಾದರೆ ಯಾವುದಾದರೂ ಹೋಟೆಲಿನ ಹಾಲ್ ಬಾಡಿಗೆಗೆ ಹಿಡಿಯಿರಿ. ಚರ್ಚು ಅಂದ ಮೇಲೆ ಪ್ರಾರ್ಥನೆ ಇರಬೇಕು, ಭಕ್ತರಿರಬೇಕು' ಅನ್ನುವುದು. ಇದನ್ನು ಹೇಳುವವರು ಕೈ ತೋರಿಸುವುದು ಪಕ್ಕದ ಸೇಂಟ್ ಹೆಲೆನ್ಸ್ ಚರ್ಚಿನ ಕಡೆಗೆ. ತೋರಿಸಬೇಕಾದ್ದೇ. ಅದೂ ಮಧ್ಯಯುಗದ್ದು, ಹದಿಮೂರನೇ ಶತಮಾನದ ಸನ್ಯಾಸಿನಿಯರ ಮಠದ ಚರ್ಚು. ಎಥೆಲ್‌ಬರ್ಗಾಕ್ಕೆ ಪಾದ್ರಿಯನ್ನು ನೇಮಿಸುವ ಹಕ್ಕು ಒಂದು ಕಾಲಕ್ಕೆ ಆ ಮಠದ ಮುಖ್ಯಸ್ಥೆಗೇ ಇತ್ತು. 1590ರ ದಶಕದಲ್ಲಿ ಶೇಕ್ಸ್‌ಪಿಯರ್ ಆ ಚರ್ಚಿನ ಒಕ್ಕಲಾಗಿದ್ದ, ತೆರಿಗೆ ಕಟ್ಟದವರ ಪಟ್ಟಿಯಲ್ಲಿ ಹೆಸರಿದೆ! ಎರಡೂ ಬಾಂಬಿಗೆ ಅದಕ್ಕೂ ಪೆಟ್ಟು ಬಿತ್ತು. ರಿಪೇರಿ ಮಾಡುವಾಗ ಆರ್ಕಿಟೆಕ್ಟ್ ಕ್ವಿನ್‌ಲನ್ ಟೆರ್ರಿ ನೆಲವನ್ನು ಸಮ ಮಾಡಿ, ಉಪ್ಪರಿಗೆ ಹಾಕಿ, ಹೆಚ್ಚು ಜನ ಕೂತು ಉಪದೇಶ ಕೇಳುವ ಹಾಗೆ ಬದಲಾಯಿಸಿದರು. ಪುರಾತನ ಕಟ್ಟಡಗಳ ಪ್ರೇಮಿಗಳು ಕೂಗಾಡಿದರು. ಆದರೆ ಅಲ್ಲಿ ಈಗ ಜನ ತುಂಬುತ್ತಾರೆ, ಅದೂ ಬ್ಯಾಂಕುಗಳ ಹುಡುಗ ಹುಡುಗಿಯರು, ಊಟದ ಬಿಡುವಿನಲ್ಲಿ ಬೈಬಲ್ ಕೇಳಲಿಕ್ಕೆ.

ಹಾಗಾದರೆ ಗೆದ್ದವರು ಯಾರು? ತಲೆ ಎಣಿಸಿದರೆ ಹೆಲೆನ್ಸ್. ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ, ತುಂಬಿದ ಚರ್ಚು ತುಂಬಿದ ಚರ್ಚೇ. ಆದರೆ ಎರಡರ ಕೆಲಸ ಬೇರೆ. ಹೆಲೆನ್ಸ್ ನಂಬಿದವರಿಗೆ ಸೇರಿದ್ದು. ಎಥೆಲ್‌ಬರ್ಗಾ, ಗೀಕೀ-ಕಾಬ್ ಕಾಲದಿಂದಲೂ, ಬೇರೆ ಬಾಗಿಲಲ್ಲಿ ಹೊಕ್ಕಲಾಗದವರಿಗೆ ಸೇರಿದ್ದು. ಭಾನುವಾರದ ಭಕ್ತರು ಬರುವುದಿಲ್ಲ ಅಂತ ನಿಶ್ಚಯವಾದ ಮೇಲೂ ಬಾಗಿಲು ತೆರೆಯಲು ಕಾರಣ ಹುಡುಕಿಕೊಳ್ಳುವುದು ಹೆಚ್ಚು ಕಷ್ಟದ್ದು.

ಹೋಟೆಲ್ ಹಾಲಿನ ಮಾತಿಗೆ ನನ್ನ ಉತ್ತರ ಇಷ್ಟೇ. ಹೋಟೆಲಿನ ಹಾಲಿಗೆ ಏನೂ ಆಗಿಲ್ಲ. ಗಂಡನನ್ನೋ ಮಗನನ್ನೋ ಬಾಂಬಿಗೆ ಕಳಕೊಂಡ ಒಬ್ಬಾಕೆ, ಬಾಂಬು ಇಟ್ಟವರ ಕಡೆಯವನೊಬ್ಬ, ಇಬ್ಬರನ್ನೂ ಎದುರು ಬದುರು ಕೂರಿಸಬೇಕು ಅಂತಿಟ್ಟುಕೊಳ್ಳಿ. ಏರ್ ಕಂಡೀಷನ್ ಹಾಲಿನ ಬಿಳೀ ಗೋಡೆಗಳ ನಡುವೆ ಕೂರಿಸುವುದಕ್ಕೂ, ತಾನೇ ಬಾಂಬು ತಿಂದ ಗೋಡೆಗಳ ನಡುವೆ ಕೂರಿಸುವುದಕ್ಕೂ ವ್ಯತ್ಯಾಸ ಇಲ್ಲವಾ? ಅಲ್ಲಿ ಗೋಡೆಯೂ ಒಂದು ಸಾಕ್ಷಿ. 'ನಿನ್ನ ನೋವು ನಮಗೇನು ಗೊತ್ತು' ಅಂತ ಆ ಗೋಡೆಗೆ ಹೇಳಲಿಕ್ಕಾಗುವುದಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಮಾತು ನೆನಪಾಗುತ್ತೆ. ವಿಗ್ರಹ ಭಿನ್ನವಾದರೆ ಪೂಜೆ ಇಲ್ಲ. ಸೋಮನಾಥಪುರದ ಕೇಶವ ದೇವಾಲಯದಲ್ಲಿ ನಿತ್ಯಪೂಜೆ ಇಲ್ಲದಿರುವುದಕ್ಕೆ ಹೇಳುವ ಕಾರಣ ಅದೇ. ಬೇಲೂರಿನಲ್ಲಿ ಗಂಟೆ ಬಾರಿಸುತ್ತೆ, ತೀರ್ಥ ಕೊಡುತ್ತಾರೆ, ಸೋಮನಾಥಪುರದಲ್ಲಿ ಟಿಕೆಟ್ ಕೊಡುತ್ತಾರೆ. 2023ರಲ್ಲಿ ಎರಡೂ, ಹಳೇಬೀಡಿನ ಜತೆ, ಯುನೆಸ್ಕೋ ಪಟ್ಟಿ ಸೇರಿದವು. ಮುಕ್ಕಾದದ್ದಕ್ಕೆ ನಮ್ಮಲ್ಲಿ ಎರಡೇ ದಾರಿ: ಒಂದೋ ಪುರಾತತ್ವ ಇಲಾಖೆಯ ಹುಲ್ಲುಹಾಸು, ಇಲ್ಲಾ ಜೀರ್ಣೋದ್ಧಾರ. ಜೀರ್ಣೋದ್ಧಾರ ಅಂದ್ರೆ ಗೊತ್ತಲ್ಲ, ನೆಲಕ್ಕೆ ಟೈಲ್ಸು, ಕಲ್ಲುಕಂಬಕ್ಕೆ ಎನಾಮೆಲ್ ಪೇಂಟು, ದಾನಿಗಳ ಹೆಸರಿನ ಅಮೃತಶಿಲೆ. ಮುಕ್ಕಾದ್ದರಿಂದಲೇ ಒಂದು ಜಾಗಕ್ಕೆ ಹೊಸ ಕೆಲಸ ಸಿಗಬಹುದು ಅನ್ನೋ ಕಲ್ಪನೆ ನನಗೆ ಲಂಡನ್ನಿನಲ್ಲಿ ಸಿಕ್ಕಿದ್ದು.

ಹಾಗಂತ ಎಲ್ಲ ಸರಿಯಾಗಿದೆ ಅಂತಲ್ಲ. ನನಗೆ ಎರಡು ತಕರಾರಿವೆ.

ಒಂದು, ಗಾಯವನ್ನು ಜಾಸ್ತಿ ಚೆನ್ನಾಗಿ ಮುಚ್ಚಿಬಿಟ್ಟಿದ್ದಾರೆ. ಕಾವೆಂಟ್ರಿ ಊರಿನಲ್ಲಿ 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಅಲ್ಲಿನ ಮಧ್ಯಯುಗದ ಕೆಥೆಡ್ರಲ್ ಸುಟ್ಟವು. ಅವರು ಆ ಮೊಂಡು ಗೋಡೆಗಳನ್ನು ಹಾಗೇ ಬಯಲಿಗೆ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಕಟ್ಟಿ 1962ರಲ್ಲಿ ತೆರೆದರು. ಅಲ್ಲಿ ಹೋದವರಿಗೆ ಯಾರೂ ಏನೂ ಹೇಳಬೇಕಾಗಿಲ್ಲ. ಸಿಟಿಯಲ್ಲೇ ಸೇಂಟ್ ಡನ್‌ಸ್ಟನ್ ಇನ್ ದಿ ಈಸ್ಟ್ ಅನ್ನೋ ಚರ್ಚಿನ ಯುದ್ಧಕಾಲದ ಪಾಳುಗೋಡೆಗಳ ಒಳಗೆ ಬಳ್ಳಿ ಹಬ್ಬಿಸಿ ಉದ್ಯಾನ ಮಾಡಿದ್ದಾರೆ. ಎಥೆಲ್‌ಬರ್ಗಾದ ಮುಂಭಾಗ ಮಾತ್ರ ಏನೂ ಆಗಿಯೇ ಇಲ್ಲವೇನೋ ಅನ್ನುವಷ್ಟು ಅಚ್ಚುಕಟ್ಟು. ನನ್ನ ಜತೆ ಕೆಲಸ ಮಾಡುತ್ತಿದ್ದ ಲಂಡನ್ನಿನ ಹುಡುಗರಿಗೇ ಅದು ಒಮ್ಮೆ ಪುಡಿಯಾಗಿತ್ತು ಅಂತ ಗೊತ್ತಿರಲಿಲ್ಲ. ಒಂದಾದರೂ ಗೋಡೆಯನ್ನು ಮುಕ್ಕಾಗಿ ಬಿಟ್ಟಿದ್ದರೆ ಓಡುವವರು ಒಂದು ಕ್ಷಣ ನಿಲ್ಲುತ್ತಿದ್ದರು.

ಎರಡನೆಯದು ಸ್ವಲ್ಪ ಖಾರದ್ದು. ಸಿಟಿಗೆ ತನ್ನ ಮೇಲೆ ಬಿದ್ದ ಬಾಂಬಿನ ನೆನಪು ಚೆನ್ನಾಗಿದೆ, ತಾನು ಬೇರೆಯವರ ಮೇಲೆ ಹಾಕಿದ್ದರ ನೆನಪು ಅಷ್ಟಿಲ್ಲ. ಎಥೆಲ್‌ಬರ್ಗಾದಿಂದ ಕೂಗಳತೆಯಲ್ಲಿ, ಹೆಲೆನ್ಸ್ ಪಕ್ಕ, ಕ್ರಾಸ್‌ಬಿ ಹಾಲ್ ಅಂತ ಒಂದು ದೊಡ್ಡ ಮನೆ ಇತ್ತು. 1621ರಿಂದ 1638ರ ತನಕ ಈಸ್ಟ್ ಇಂಡಿಯಾ ಕಂಪನಿಯ ಕಾರುಬಾರು ನಡೆದದ್ದು ಅಲ್ಲಿಂದ. (ಆ ಮನೆಯನ್ನು 1910ರಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ಚೆಲ್ಸಿಗೆ ಸಾಗಿಸಿದರು.) ಆಮೇಲೆ ಕಂಪನಿ ಲೆಡನ್‌ಹಾಲ್ ಸ್ಟ್ರೀಟಿಗೆ ಹೋಯಿತು, ಐದು ಹತ್ತು ನಿಮಿಷದ ನಡಿಗೆ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದಾಗ ಲೂಟಿಯಾದ ಟಿಪ್ಪುವಿನ ಮರದ ಹುಲಿಯನ್ನು 1808ರಿಂದ ಜನರಿಗೆ ತೋರಿಸಿದ್ದು ಅಲ್ಲಿಯ ಕಂಪನಿ ಕಚೇರಿಯಲ್ಲೇ. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಕಂಪನಿ ಕಚೇರಿ ಇದ್ದ ಜಾಗದಲ್ಲಿ ಲಾಯ್ಡ್ಸ್ ಇನ್ಶೂರೆನ್ಸಿನ ಕಟ್ಟಡ ಇದೆ. ಐ.ಆರ್.ಎ. ಬಂದೂಕು ಹಿಡಿದದ್ದಕ್ಕೂ, ಅದನ್ನು ಎಷ್ಟೇ ಖಂಡಿಸಿದರೂ, ಐರ್ಲೆಂಡಿನಲ್ಲಿ ಇಂಗ್ಲಿಷರ ಶತಮಾನಗಳ ದೌರ್ಜನ್ಯದ ಹಿನ್ನೆಲೆ ಇತ್ತು. ಈ ರಸ್ತೆಗಳಲ್ಲಿ ಸಂಧಾನದ ಮಾತು ಆಡುವವರು 'ಎರಡು ಧರ್ಮದವರು ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಲಿ' ಅನ್ನುವಲ್ಲಿಗೆ ನಿಲ್ಲಿಸಬಾರದು ಅಂತ ನನ್ನ ಅನಿಸಿಕೆ. ಕೊಳ್ಳೆ ಹೊಡೆದವನೂ ಕೊಳ್ಳೆ ಹೋದವನೂ ಕೂತು ಮಾತಾಡಬೇಕು. ಅದಕ್ಕೆ ಇದಕ್ಕಿಂತ ಸರಿಯಾದ ವಿಳಾಸ ಇಡೀ ಲಂಡನ್ನಿನಲ್ಲಿಲ್ಲ.

ಕೇಂದ್ರ ಸುಮ್ಮನೆ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. ನಿರಾಶ್ರಿತರ ಜತೆ, ಬೇರೆ ಬೇರೆ ಸಮುದಾಯಗಳ ಯುವಕರ ಜತೆ, ಈಚೆಗೆ ಪರಿಸರದ ವಿಷಯದಲ್ಲಿ ಕೆಲಸ ಮಾಡುತ್ತಿದ್ದಾರೆ. ಖರ್ಚಿಗೆ ಸಭಾಂಗಣವನ್ನು ಬಾಡಿಗೆಗೂ ಕೊಡುತ್ತಾರೆ. ಅದನ್ನು ನೋಡಿ ನಗುವವರಿದ್ದಾರೆ. ನಾನಂತೂ ನಗುವುದಿಲ್ಲ. ಅಂಗಡಿ ಬಾಡಿಗೆಯಲ್ಲಿ ಮುನ್ನೂರೈವತ್ತು ವರ್ಷ ದೀಪ ಉರಿಸಿದ ಚರ್ಚು ಅದು, ಅದಕ್ಕೆ ಇದು ಹೊಸತಲ್ಲ.

1998ರ ಗುಡ್ ಫ್ರೈಡೆ ಒಪ್ಪಂದದ ನಂತರ ಉತ್ತರ ಐರ್ಲೆಂಡಿನ ಬಂದೂಕುಗಳು ಬಹುಮಟ್ಟಿಗೆ ಸುಮ್ಮನಾದವು. 'ನೋಡಿ, ಸಿಟಿಯ ಬಾಂಬುಗಳೇ ಸರ್ಕಾರವನ್ನು ಮಾತುಕತೆಗೆ ತಂದದ್ದು' ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಬಿಷಪ್ಸ್‌ಗೇಟಿನಲ್ಲಿ ಲಾರಿ ಸಿಡಿಯುವ ಮೊದಲೇ ಗುಟ್ಟಿನಲ್ಲಿ ಸಂದೇಶಗಳು ಓಡಾಡುತ್ತಿದ್ದವು. ಬಾಂಬು ಆ ಮಾತುಕತೆಯ ಮೇಲೇ ಬಿತ್ತು, ಒಬ್ಬ ಛಾಯಾಗ್ರಾಹಕನ ಜೀವ ತೆಗೆಯಿತು. ಕೊನೆಗೆ ಕೆಲಸ ಮಾಡಿದ್ದು ಮೇಜಿನ ಸುತ್ತ ಕೂತವರ ತಾಳ್ಮೆ.

ನೋಡಬೇಕು ಅನ್ನಿಸಿದವರಿಗೆ: ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನಿಂದ ಬಿಷಪ್ಸ್‌ಗೇಟಿಗೆ ಬಂದು ದಕ್ಷಿಣಕ್ಕೆ ನಡೆಯಿರಿ. ಐದು ನಿಮಿಷದಲ್ಲ, ನಿಧಾನಕ್ಕೆ ನಡೆದರೂ ಹತ್ತು ನಿಮಿಷದೊಳಗೆ ಎಡಗಡೆ ಸಿಗುತ್ತೆ. ಗೋಪುರಗಳನ್ನು ನೋಡುತ್ತಾ ಹೋದರೆ ದಾಟಿಹೋಗುತ್ತೀರಿ, ಕಣ್ಣು ನೆಲದ ಮಟ್ಟದಲ್ಲಿರಲಿ. ಚಿಕ್ಕ ಕಲ್ಲಿನ ಮುಂಭಾಗ, ಮೇಲೆ 1775ರ ಪುಟ್ಟ ಗಂಟೆಗೋಪುರ. ದಿನಾ ತೆರೆದಿರುತ್ತೆ ಅಂತ ನಂಬಿಕೊಂಡು ಹೋಗಬೇಡಿ, ಮೊದಲೇ ವಿಚಾರಿಸಿ. ಬಾಗಿಲು ಹಾಕಿದ್ದರೆ ಬೇಜಾರು ಬೇಡ, ಹಿಂದಿನ ಸೇಂಟ್ ಹೆಲೆನ್ಸ್‌ಗೆ ಹೋಗಿ, ಅಲ್ಲಿಂದ ಎರಡು ಹೆಜ್ಜೆ ಮುಂದಕ್ಕೆ ಗರ್ಕಿನ್. ಒಂದೇ ಜಗಳದ ಮೂರು ಉತ್ತರ, ಕಾಲು ಗಂಟೆಯ ನಡಿಗೆಯಲ್ಲಿ ನೋಡಿ ಮುಗಿಸಬಹುದು.